ಸ್ಯಾಂಪಲ್ ಫ್ಲಾಟು

ರಾವೇತದಾಗ ಹನ್ನೊಂದು ವರ್ಷದಿಂದ
ಯಾರೂ ಇರದ ಮನಿ ಒರಸೂದು ನನ್ನ ಕೆಲಸ.
ಟೀವಿ ಐತಿ, ಬರೇ ರಟ್ಟು.
ನಳ ಐತಿ, ನೀರಿಲ್ಲ.
ಟೇಬಲ್ ಮ್ಯಾಲೆ ಆರು ಪ್ಲಾಸ್ಟಿಕ್ ಸೇಬು,
ಒಂದಕ್ಕ ಯಾವದೋ ಕೂಸಿನ ಹಲ್ಲಿನ ಗುರುತು.

ಗಿರಾಕಿ ಮುಗಿಬಿದ್ದ ವರ್ಷ
ಸೇಬಿನ ಮ್ಯಾಲೆ ಧೂಳು ಕೂಡೂದಿಲ್ಲ.
ಗಿರಾಕಿ ಒಣಗಿದ ವರ್ಷ
ಬೆರಳಿಲೆ ನನ್ನ ಹೆಸರು ಬರೀಬಹುದು.
ಮಾರ್ಕೆಟ್ ಅಂದ್ರ ನನಗ ತಿಳದಿದ್ದು ಇಷ್ಟ.

ಸೇಲ್ಸಿನ ಗುಂಜಾಳ ಮೇಡಂ ಗ್ವಾಡಿಗೆ ಒಂದು ಗೆರಿ ಹಚ್ಯಾರ,
ಏರ್ತೈತಿ, ಇಳೀತೈತಿ, ಮತ್ತ ಏರ್ತೈತಿ,
ಒಂಟಿಗಳು ಸಾಲಾಗಿ ಕುಂತಂಗ.
“ನಾವೀಗ ಇಲ್ಲಿದೀವಿ” ಅಂತ ಬೆರಳಿಡ್ತಾರ
ಯಾವಾಗಲೂ ಏರಿನ ಬುಡಕ್ಕ.
ಬೆರಳಿಟ್ಟಿಟ್ಟು ಆ ಜಾಗಾ
ಎಣ್ಣಿ ಕುಡದು ಕರ್ರಗಾಗೈತಿ.

ಗೇಟಿನ ಹೊರಗ ಕುರ್ಚಿ ಹಾಕ್ಕೊಂಡು ಭೋಂಡ್ವೆ ಕಾಕಾ,
ಈ ನೆಲ ಮಾರಿದಾವ.
“ಇಲ್ಲೇ ಉಳ್ಳಾಗಡ್ಡಿ ಬೆಳೀತಿದ್ದೆ.
ರೇಟು ಬಂತಂತ ಊರೆಲ್ಲಾ ಹಚ್ಚೋದು,
ಊರೆಲ್ಲಾ ಹಚ್ಚಿತಂತ ರೇಟು ಬೀಳೋದು,
ಬಿತ್ತಂತ ಯಾರೂ ಹಚ್ಚದ ವರ್ಷ
ಹಚ್ಚಿದಾವ ಬಂಗಾರ ತಗೊಳ್ಳೋದು.”
ಕಾಕಾ, ಇದೂ ಹಂಗೇನ? ಅಂದೆ.
“ಉಳ್ಳಾಗಡ್ಡಿ ಕೊಳೀತಿತ್ತಲ್ಲ,
ತಪ್ಪು ಲಗೂ ವಾಸನಿ ಬರ್ತಿತ್ತು.”
ಅಂದು ತಂಬಾಕು ತಿಕ್ಕಿದ.

ಇನ್ನ ನೇನೆ ಸಾಹೇಬರು.
ಸದಾಶಿವ ಪೇಟದಾಗ ಭಾಡಿಗಿ ಮನಿ, ಎಲ್ಲೈಸಿ ಪೆನ್ಶನ್ನು,
ವರ್ಷಾ ದಸರಾದ ಮರುದಿನ ಹಾಜರ,
ಕಂಕುಳಾಗ ನೀಲಿ ನೋಟುಬುಕ್ಕು.
ಚೌರಸ ಫೂಟಿಗೆ ಎಷ್ಟು? ಕೇಳೂದು, ಬರಕೊಳ್ಳೂದು,
ಒಂದು ಕಪ್ಪು ಚಾ, ನಡಿಯೂದು.
ಎಂಟು ವರ್ಷಕ್ಕೊಮ್ಮಿ ಬೀಳಬೇಕಂತ, ಅವರ ಲೆಕ್ಕ.

ಬಿತ್ತು.
ಜಡ್ಡಿನ ವರ್ಷ ಕ್ರೇನು ಒಂಬತ್ತನೇ ಮಾಳಿಗಿಗೆ ನಿಂತು
ಕಾಗಿ ಗೂಡು ಕಟ್ಟಿತು ಅದರಾಗ.
ನಮ್ಮ ಇಂಡಿ ಕಡೆಯವರು ತಲಿ ಮ್ಯಾಲೆ ಗಂಟಿಟ್ಟು
ಸೊಲ್ಲಾಪುರದ ರಸ್ತಾ ಹಿಡದು ನಡದರು, ನಮ್ಮ ಮಾವನೂ.
ನಾನು, ಆರು ಸೇಬು ಉಳದ್ವಿ.
ನೇನೆ ಸಾಹೇಬರು ಮಾಸ್ಕು ಕಟ್ಟಿಕೊಂಡು ಬಂದ್ರು.
ರೇಟು ಬರಕೊಂಡ್ರು. ಕಣ್ಣು ನಗ್ತಿದ್ದವು.
“ಇನ್ನೂ ಬೀಳ್ತೈತಿ,” ಅಂದ್ರು.

ಮುಂದಿನ ದಸರಾಕ್ಕ ಒಂಬೈನೂರು ಏರಿತ್ತು.
ಅದನ್ನೂ ಬರಕೊಂಡ್ರು, ಅದೇ ದುಂಡನ ಅಕ್ಷರ.
ನಿಮ್ಮ ಲೆಕ್ಕ ಖರೇ ಆತಲ್ರೀ? ಅಂದೆ.
ಭಾಳ ಹೊತ್ತು ಪೆನ್ನಿನ ಟೊಪಿಗಿ ತಿರುವಿದ್ರು.
“ಲೆಕ್ಕ ಖರೇ ಆತು.”

ಈ ವರ್ಷ ಒಬ್ಬರ ಬಂದ್ರು.
ರೇಟು ಕೇಳಲಿಲ್ಲ.
ಮೇಡಂ ಊಟಕ್ಕ ಹೋಗಿದ್ರು.
“ರಾತ್ರಿ ನೀ ಎಲ್ಲಿ ಮಲಗ್ತಿ?”
ಹೇಳಬಾರದಿತ್ತು. ತೋರಿಸಿದೆ.

ಬೂಟು ಬಿಚ್ಚಿ ಮಂಚದ ಮ್ಯಾಲೆ ಅಡ್ಡಾದ್ರು.
ಕಾಲು ಹೊರಗ ಬಂದ್ವು,
ಎಡಗಾಲಿನ ಕಾಲಚೀಲದಾಗಿಂದ ಹೆಬ್ಬೆರಳು ಇಣಕಿತು.
ಕೋಲಿ ದೊಡ್ಡದು ಕಾಣಲಿ ಅಂತ
ಮಂಚ ಸಣ್ಣದು ಮಾಡಸ್ತಾರ್ರೀ, ಅಂದೆ,
ನನಗೂ ಮೊಣಕಾಲು ಮಡಚೂದು ರೂಢಿ ಆಗೈತಿ.
“ಎಷ್ಟೈತಿ?”
ಟೇಪು ತಂದು ಅಳದೆ. ಐದು ಫೂಟು ಒಂದು ಇಂಚು.
ಮಲಗಿದಲ್ಲೇ ನೋಟುಬುಕ್ಕು ತಗದು
ರೇಟಿನ ಸಾಲಿನಾಗ ಬರಕೊಂಡ್ರು.

“ಬಾಗಿಲಾ ಸ್ವಲ್ಪ ಮುಂದ ಮಾಡು, ಬೆಳಕು ಬೀಳ್ತೈತಿ.”
ಈ ಮನಿಗೆ ಬಾಗಿಲಾ ಇಟ್ಟಿಲ್ರೀ ಸಾಹೇಬರ, ಅಂದೆ.

ಅದನ್ನೂ ಬರಕೊಂಡ್ರು.