ಅಳಿಯಕಟ್ಟು

ಶಾಲೆಗೆ ಸೇರಿಸಿದ ದಿನ ಮಾಸ್ಟ್ರು ಕೇಳಿದರು:
ತಂದೆಯ ಕಸುಬೇನು?
ಅರಸು, ಎಂದೆ.
ಬೋರ್ಡು ಶಾಲೆ ನಕ್ಕಿತು, ಬೆಂಚು ಸಮೇತ.
ಮಾಸ್ಟ್ರು ನಗಲಿಲ್ಲ. ಕೊಂಚ ಯೋಚಿಸಿ
‘ಬೇಸಾಯ’ ಎಂದು ಬರೆದುಕೊಂಡರು.

ಅದೂ ಸುಳ್ಳಲ್ಲ.
ನಂದ್ರೊಟ್ಟು ಬೀಡಿನ ಹನ್ನೊಂದನೆಯ ಕಾಮಣ್ಣರಸರು
ಬೆಳಿಗ್ಗೆ ಬಸದಿಗೆ ಹೋಗಿ ಬಂದು
ಪಂಚೆ ಎತ್ತಿಕಟ್ಟಿ ಗದ್ದೆಗೆ ನೀರು ತಿರುಗಿಸುತ್ತಿದ್ದರು.
ವರ್ಷಕ್ಕೊಮ್ಮೆ ಇದ್ದಿಲ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ
ಖಜಾನೆಯ ಜಗಲಿಯಲ್ಲಿ ಸರತಿ ನಿಂತು
ಕಂಪೆನಿಯವರು ಕಿತ್ತುಕೊಂಡ ಸೀಮೆಯ ಬದಲಿಗೆ
ನೂರ ಎಪ್ಪತ್ತೆರಡು ರೂಪಾಯಿ ಎಂಟಾಣೆ
ಎರಡೆರಡು ಸಲ ಎಣಿಸಿ ತರುತ್ತಿದ್ದರು.
ಎಂಟಾಣೆ ನಮ್ಮದು, ನನಗೂ ಯುವರಾಜನಿಗೂ
ಹಂಪನಕಟ್ಟೆಯ ಬತ್ತಾಸು.

ಯುವರಾಜ ನನ್ನ ತಮ್ಮ.
ಪದವಿಯಲ್ಲ, ಹೆಸರು.
ನಮ್ಮಲ್ಲಿ ಪಟ್ಟ ಮಗನಿಗಿಲ್ಲ,
ತಂಗಿಯ ಮಗನಿಗೆ.
ಕೊಡಲಾಗದ್ದನ್ನು ಅಪ್ಪ
ತೊಟ್ಟಿಲ ದಿನ ಕಿವಿಯಲ್ಲಿ ಮೂರು ಸಲ ಹೇಳಿ
ಕೊಟ್ಟುಬಿಟ್ಟರು.
ಅಮ್ಮ ಅಂದಳಂತೆ:
ಕಿವಿಗೆ ಕೊಟ್ಟದ್ದು ತಲೆಗೆ ಏರುವುದುಂಟೆ?

ಅಮ್ಮ, ಚಂದಕ್ಕ, ರಾಣಿ.
ಕೀಲಿಕೈ ಗೊಂಚಲು ಮಾತ್ರ ಅತ್ತೆಯ ಸೊಂಟದಲ್ಲಿ.
ಅಕ್ಕಿಮುಡಿ ಬಿಚ್ಚಲು ಅತ್ತೆ ಬರಬೇಕು,
ಉಪ್ಪಿನಕಾಯಿ ಭರಣಿ ಮುಟ್ಟಲು ಅತ್ತೆ ಬರಬೇಕು.
ಹೊತ್ತು ಮುಳುಗುವ ಮೊದಲು ಊಟ.
ಆಮೇಲೆ ಉಪ್ಪರಿಗೆಯ ಕಿಟಕಿಯಲ್ಲಿ ಅವರಿಬ್ಬರೇ,
ಕಾಪುವಿನ ದೀಪಸ್ತಂಭ ತಿರುಗುವುದನ್ನು ನೋಡುತ್ತ.
ಬೆಳಕು ಬಂದು ಹೋಗುವಷ್ಟರಲ್ಲಿ
ಅವಳ ತಲೆಯಲ್ಲೊಂದು ಬಿಳಿಗೂದಲು ಹುಡುಕಿ ಕೀಳಬೇಕು;
ಕನ್ನಡಕ ಮರೆತ ಅರಸರು
ಕರಿಯದನ್ನೇ ಕಿತ್ತು ಬೈಸಿಕೊಳ್ಳುವರು.

ಅತ್ತೆಯ ಮಗ ಪಾಯಪ್ಪ ನಮ್ಮೊಡನೆಯೇ ಬೆಳೆದವನು.
ಗೇರುಬೀಜದಾಟದಲ್ಲಿ ಸೋತರೆ ಅಳುವವನು.
ಅರಸನಾಟದಲ್ಲಿ ನಾನೇ ಅರಸ, ಯುವರಾಜ ಆನೆ,
ಪಾಯಪ್ಪನದು ಕೆಸುವಿನೆಲೆಯ ಕೊಡೆ ಹಿಡಿಯುವ ಕೆಲಸ.
ಒಮ್ಮೊಮ್ಮೆ ಅವನು ಕೇಳುವನು,
ನಾನೂ ಒಂದು ಸಲ ಆನೆಯಾಗಲಾ?

ಅಪ್ಪ ಹೋದದ್ದು ಪುಯಿಂತೆಲ್ ತಿಂಗಳಲ್ಲಿ,
ಗದ್ದೆಯ ಬದುವಿನ ಮೇಲೆ, ಕೈಯಲ್ಲಿ ಹಾರೆ.
ಕಟ್ಟು ಇರುವುದು ಇಷ್ಟೇ:
ಹೆಣ ಅಂಗಳ ಇಳಿದರೆ
ಹೆಂಡತಿ ಮಕ್ಕಳೂ ಇಳಿಯಬೇಕು.
ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.
ಹೆಬ್ಬಾಗಿಲಲ್ಲಿ ಅತ್ತೆ ಅಮ್ಮನನ್ನು ತಬ್ಬಿ
ನಿಜವಾಗಿಯೇ ಅತ್ತಳು.
ಬಿಕ್ಕಿದಾಗಲೆಲ್ಲ
ಸೊಂಟದ ಗೊಂಚಲು ಕಿಣಿಕಿಣಿ.

ಉದ್ಯಾವರ ಹೊಳೆಯ ಕಡವಿನಲ್ಲಿ ಅಂಬಿಗ ತೋಮ
‘ರಾಣಿಯವರೆ’ ಎಂದು ಕೈಕೊಟ್ಟು ಹತ್ತಿಸಿದ.
ಆಚೆ ದಡದಲ್ಲಿ ಅಮ್ಮ
ಹುಟ್ಟಿ ಮೊದಲ ಸಲ ದೋಣಿಕೂಲಿ ಕೊಟ್ಟಳು.
ಅವನು ತೆಗೆದುಕೊಂಡ.
ಅಪ್ಪ ಸತ್ತದ್ದು ನನಗೆ ಗೊತ್ತಾದದ್ದು
ಆಗ.

ಪಟ್ಟದ ದಿನ ಹೇಳಿಕೆ ಬಂತು. ಹೋದೆವು.
ನೆಂಟರ ಸಾಲಿನಲ್ಲಿ, ಕಂಬದ ಮರೆಗೆ ಕೂತೆವು.
ಅಪ್ಪನ ಉಂಗುರ ಪಾಯಪ್ಪನ ಬೆರಳಿಗೆ ದೊಡ್ಡದು,
ಒಳಗೆ ನೂಲು ಸುತ್ತಿದ್ದರು.
ಅಪ್ಪನ ಹೆಸರನ್ನೂ ಅವನಿಗೇ ಕರೆದರು,
ಹನ್ನೆರಡನೆಯ ಕಾಮಣ್ಣರಸರು.
ಅದಕ್ಕೆ ಸುತ್ತಲು ನೂಲಿರಲಿಲ್ಲ.
ಅವನು ನಮ್ಮತ್ತ ನೋಡಿದ,
ಗೇರುಬೀಜ ಸೋತ ಮುಖ.

ಅಷ್ಟರಲ್ಲಿ ಅಡುಗೆಮನೆಯಿಂದ ಯಾರೋ ಕೂಗಿದರು:
ಯುವರಾಜಾ!
ಚಾವಡಿಗೆ ಚಾವಡಿಯೇ ತಿರುಗಿತು.
ಹನ್ನೊಂದು ವರ್ಷದ ಹುಡುಗ ಎದ್ದು ನಿಂತ,
ಕಿವಿಯ ತುದಿಯವರೆಗೆ ಕೆಂಪಾಗಿ.
ಬಡಿಸಲು ಕೈ ಸಾಲದು ಮಾರಾಯ, ನೀರಿನ ಚೆಂಬು ಹಿಡಿ.

ಹಿಡಿದ. ಮೊದಲ ಎಲೆ ಅರಸರದ್ದು.
ಲೋಟಕ್ಕೆ ಬಾಗಿದವನ ಕಿವಿಯಲ್ಲಿ ಅರಸರು
ಏನೋ ಅಂದರು. ದೋಣಿಯಲ್ಲಿ ಕೇಳಿದೆ, ಏನಂತೆ?

‘ಇವತ್ತು ಆನೆ ಯಾರು ಅಂತ.’

ಅಮ್ಮ ಹೊಳೆ ನೋಡುತ್ತಿದ್ದಳು.
ತೋಮಾ, ಸ್ವಲ್ಪ ಬೇಗ ಹುಟ್ಟುಹಾಕು, ಎಂದಳು,
ಕತ್ತಲಾಗುವ ಮೊದಲು ಮಕ್ಕಳಿಗೆ ಊಟವಾಗಬೇಕು.