ಎರಡು ಹಿಡಿಯ ಪೆಟ್ಟಿಗೆ

ಗ್ರಿಮ್ಸ್‌ಬಿಯ ಗ್ರಂಥಾಲಯದ ಮಹಡಿಗೆ
ಮಂಗಳವಾರ ಸಂಜೆ ಆರೂವರೆಗೆ
ಗಿಂಟಾರೆ ಬರುತ್ತಾಳೆ, ಎಷ್ಟು ಸೋಪು ಹಚ್ಚಿ ತಿಕ್ಕಿದರೂ
ಬಿಡದ ಮೀನಿನ ವಾಸನೆಯೊಂದಿಗೆ.
ಕಿಟಕಿ ತೆಗೆಯಲೇ ಎಂದು ತಾನೇ ಕೇಳುತ್ತಾಳೆ.
ಬೇಡ, ಚಳಿ, ಎನ್ನುತ್ತಾರೆ ಮಿಸೆಸ್ ಬ್ಲಾಂಚರ್ಡ್,
ಮೂವತ್ತು ವರ್ಷ ಬಂದರಿನ ಕಚೇರಿಯಲ್ಲಿ
ಬೇರೆಯವರ ಕಾಗದ ತಿದ್ದಿದವರು.

ಇವತ್ತು ಪಾಠದ ಪುಸ್ತಕವಿಲ್ಲ. ಒಂದು ಲಕೋಟೆ,
ಮಡಿಕೆಯಲ್ಲೇ ಸವೆದ ಒಂದು ಹಾಳೆ.
ಮೂರನೆಯ ಸಾಲಿಗೆ ಬೆರಳಿಟ್ಟಳು,
ಬಲಗೈಯದು. ಎಡಗೈಯಲ್ಲಿ ಉಳಿದದ್ದು ಮೂರೇ.
ಇಲ್ಲಿ 'ನೈದರ್' ಅಂತಿದೆ. ಅಂದರೆ ಇಲ್ಲ ತಾನೇ?
ಇಲ್ಲ ಎನ್ನಲು ಇಷ್ಟುದ್ದ ಯಾಕೆ?

ಅದು ಒಂಟಿಯಾಗಿ ಬರುವ ಪದವಲ್ಲ, ಎಂದರು.
ಜೊತೆಗಾರ 'ನಾರ್' ಎಲ್ಲೋ ಇದೆ, ಹುಡುಕು.

ಹುಡುಕಿದಳು. ಕಂಪನಿಯ ಪೂರ್ತಿ ಹೆಸರು ದಾಟಿ,
ಒಂದು ಅಲ್ಪವಿರಾಮಕ್ಕೆ ಎಡವಿ,
ವಿಮೆಯವರ ಹೆಸರಿನ ಮಗ್ಗುಲಲ್ಲಿ ಸಿಕ್ಕಿತು.
ಐಸು ತುಂಬಿದ ಪೆಟ್ಟಿಗೆಯ ಹಾಗೆ, ಎಂದಳು,
ಈ ಹಿಡಿ ನಾನು ಹಿಡಿದರೆ
ಆ ಹಿಡಿಗೆ ಬೊಜೆನಾ ಬರಬೇಕು,
ಅಲ್ಲಿಯತನಕ ಏಳುವುದಿಲ್ಲ.
ಸರಿ. ಪೆಟ್ಟಿಗೆಯೊಳಗೆ ಏನಿದೆ, ಓದು.

ಕಂಪನಿಯೂ ಹೊಣೆಯಲ್ಲ, ಅದರ ವಿಮೆಯವರೂ ಅಲ್ಲ.

ನಮ್ಮ ಮಾತಿನಲ್ಲಿ ಇಲ್ಲ ಬರುವುದು ಕಟ್ಟಕಡೆಗೆ.
ಕಂಪನಿಯೂ ಎನ್ನುವಾಗ, ವಿಮೆಯವರೂ ಎನ್ನುವಾಗ
ಕೇಳುವ ಜೀವ ಇನ್ನೂ ಆಸೆ ಇಟ್ಟುಕೊಳ್ಳಬಹುದು,
ಇಬ್ಬರೂ ಕೊಟ್ಟಾರು ಎಂದು.
ಇಂಗ್ಲಿಷು ಬಾಗಿಲಲ್ಲೇ ಹೇಳಿಬಿಡುತ್ತದೆ,
ಆಮೇಲೆ ಕುರ್ಚಿ ಎಳೆದು ಕೂರಿಸುತ್ತದೆ.
ಯಾವುದರಲ್ಲಿ ದಯೆ ಹೆಚ್ಚು, ನನಗೆ ಗೊತ್ತಿಲ್ಲ.
ಗಿಂಟಾರೆಯ ಭಾಷೆಯಲ್ಲಿ ಎರಡು ಕಡೆಗೂ ಒಂದೇ ಪದ,
ನೇಯ್, ನೇಯ್,
ಅವಳಜ್ಜಿ ಅಂಗಳದ ಕೋಳಿ ಅಟ್ಟಿದ ಹಾಗೆ.

ಉತ್ತರ ಬರೆಯುತ್ತೇನೆ, ಎಂದಳು. ಅವರದೇ ಸಾಮಾನಿನಲ್ಲಿ.
'ನೈದರ್ ನನ್ನ ಬೆರಳುಗಳು' ಎಂದು ಶುರುಮಾಡಿ
'ನಾರ್ ನಾನು' ಎಂಬಲ್ಲಿ ಪೆನ್ನು ನಿಂತಿತು.
ಈಗ ಕ್ರಿಯಾಪದ ಯಾರ ಮಾತು ಕೇಳಬೇಕು?
ಬೆರಳು ಎರಡು. ನಾನು ಒಬ್ಬಳು.
ಹತ್ತಿರ ನಿಂತವರದು, ಎಂದರು ಮಿಸೆಸ್ ಬ್ಲಾಂಚರ್ಡ್,
ದೂರದವರು ಎಷ್ಟೇ ಮಂದಿ ಇರಲಿ.

ಗಿಂಟಾರೆ ನಕ್ಕಳು, ಆ ಸಂಜೆ ಅದೊಂದೇ ಸಲ.
ಹಾಗಾದರೆ ಹತ್ತಿರ ಇರುವವಳು ನಾನೇ.
'ಆ್ಯಮ್' ಎಂದು ಬರೆದಳು, ಒತ್ತಿ,
ಕೆಳಗಿನ ಹಾಳೆಗೂ ಅಚ್ಚು ಬೀಳುವಂತೆ.

ಮುಂದೇನು, ಸಿಕ್ಕಲಿಲ್ಲ.
ಕ್ಷಮಿಸುವವಳಲ್ಲ ಎಂದು ಬರೆದು ಹೊಡೆದುಹಾಕಿದಳು.
ಮಾರಾಟಕ್ಕಿಲ್ಲ ಎಂಬುದನ್ನೂ.
ಎಂಟಕ್ಕೆ ದೀಪ ಆರಿಸುವವನು
ಬೀಗದ ಗೊಂಚಲು ಅಲ್ಲಾಡಿಸುತ್ತ ಬಂದ.

ಬಸ್ ನಿಲ್ದಾಣದಲ್ಲಿ ಕೈಗವಸು ಏರಿಸಿಕೊಂಡಳು.
ಹಾಳೆ ಕೋಟಿನ ಒಳಜೇಬಿನಲ್ಲಿ, ವಾಕ್ಯ ಅರ್ಧ.
ಎಡಗವಸಿನ ಎರಡು ಖಾಲಿ ಬೆರಳು
ಕಡಲ ಗಾಳಿಗೆ
ಅತ್ತ ಒಂದು, ಇತ್ತ ಒಂದು ವಾಲಿದವು.