ಮನೆ ನಂಬರು ೧೧೭

ಮೊಳಕಾಲ್ಮುರಿನಾಚೆ, ಡಾಂಬರು ಸೋತು ಕೂತಲ್ಲಿ
ನಮ್ಮ ಕೆಂಚೋಬನಹಟ್ಟಿ.
ದಿನಕ್ಕೊಂದು ಬಸ್ಸು. ಅದೂ ಡ್ರೈವರನ ಮರ್ಜಿ.
ಬಸ್ಸಿಗಿಂತ ಮೊದಲೇ ಬಂದಿತ್ತು ತಂಗುದಾಣ:
ಮೇಲೆ ಕಾಂಕ್ರೀಟು, ಸುತ್ತ ಮೂರು ಗೋಡೆ,
ಶಾಸಕರ ನಿಧಿಯೆಂದು ಅರ್ಧ ಅಳಿಸಿದ ಅಕ್ಷರ.
ನಾಲ್ಕನೇ ಗೋಡೆಯ ಜಾಗಕ್ಕೆ
ಸಣ್ಣಪಾಲಕ್ಕನ ಹಳೆಯ ಸೀರೆ.
ಬಸ್ಸಿನ ಹೊತ್ತಿಗೆ ಬಿಚ್ಚುವುದು, ಹೋದ ಮೇಲೆ ಕಟ್ಟುವುದು.
ಹೀಗೆ ಆರು ವರ್ಷ.

ನಾನು ಪಂಚಾಯ್ತಿಯ ಕರವಸೂಲಿಗಾರ.
ನೀರಿನ ಕಂದಾಯ, ದೀಪದ ಕಂದಾಯ, ಮನೆ ಕಂದಾಯ,
ಮೇಲೆ ಈ ಮನೆ ಇಲ್ಲದವರ ಸಮೀಕ್ಷೆ.
ಫೋನು ನನ್ನದೇ, ಡಾಟಾ ನನ್ನದೇ.

ಆ್ಯಪು ಕೇಳಿತು: ಈಗಿರುವ ಮನೆಯ ಛಾವಣಿ?
ಹುಲ್ಲು, ಹೆಂಚು, ತಗಡು, ಕಾಂಕ್ರೀಟು.
ಯಾವುದನ್ನಾದರೂ ಒತ್ತದೆ ಮುಂದಕ್ಕೆ ಬಿಡಲೊಲ್ಲದು.
'ಇಲ್ಲ' ಅನ್ನುವ ಗುಂಡಿ
ಮಾಡಿದವರಿಗೆ ಹೊಳೆದಿರಲಿಲ್ಲ.
ಇದ್ದದ್ದು ಇದ್ದ ಹಾಗೆ ಒತ್ತಿದೆ, ಕಾಂಕ್ರೀಟು.
ಆಗಲೇ ಕೆಂಪಕ್ಷರ:
ಪಕ್ಕಾ ಮನೆ ಇದೆ. ಅರ್ಹರಲ್ಲ.

ಓದಿ ಹೇಳಿದೆ. ಪಾಲಕ್ಕ ಕತ್ತೆತ್ತಿ ನೋಡಿದಳು,
ಬಿರುಕು, ಬಿರುಕಿನಲ್ಲಿ ಗುಬ್ಬಿ ಸಿಕ್ಕಿಸಿದ ಕಡ್ಡಿ.
"ಇದು ನಂದಂತಾ?" ಅಂದಳು.
"ಹಂಗಾದ್ರೆ ಕಾಲೇಜು ಹುಡ್ರಿಗೆ ಹೇಳಪ್ಪ,
ಬಾಗ್ಲು ಬಡ್ದು ಒಳಕ್ ಬರ್ಲಿ."

ವಾಟರ್‌ಮನ್ ಗಾದ್ರಯ್ಯನದು ಉಪಾಯ.
ನಾಕು ಜಾಲಿ ಕಂಬ, ಒಂದು ಹೊರೆ ಬಾದೆ ಹುಲ್ಲು,
ದೊಡ್ಡಿಯ ಹಿಂದೆ ಎದ್ದಿತು ಗುಡಿಸಲು.
ಎರಡಕ್ಕೆ ಶುರು, ನಾಲ್ಕಕ್ಕೆ ಪೂರ್ತಿ;
ನಮ್ಮ ಪಂಚಾಯ್ತಿಯಲ್ಲಿ ಹೇಳಿದ ದಿನವೇ ಮುಗಿದ
ಕಾಮಗಾರಿ ಅದೊಂದೇ.
ತಲೆಗೆ ಎಣ್ಣೆ ಹಚ್ಚಿ ಮುಂದೆ ನಿಂತಳು ಪಾಲಕ್ಕ.
ಫೋಟೋ ತೆಗೆದೆ. ಸಿಗ್ನಲ್ಲಿಗಾಗಿ
ನೀರಿನ ಟ್ಯಾಂಕು ಹತ್ತಿ ತೋಳು ಚಾಚಿ ನಿಂತೆ.
ದೂರದ ಗುಡ್ಡದ ಮೇಲೆ ದೈತ್ಯ ಫ್ಯಾನುಗಳು
ಯಾವೂರಿಗೋ ಕರೆಂಟು ತಿರುವುತ್ತಿದ್ದವು.
ಹಸಿರು ಟಿಕ್ಕು ಬಿತ್ತು.

ಇಳಿದು ಬಂದರೆ ಗಾದ್ರಯ್ಯ ಕಂಬ ಅಲುಗಿಸುತ್ತಿದ್ದ.
ಎರವಲು ಕಂಬ, ಸಂಜೆಯೊಳಗೆ ಒಪ್ಪಿಸಬೇಕು.
"ಒಂದ್ ರಾತ್ರಿ ಇರ್ಲಿ ಬಿಡೋ," ಅಂದಳು,
"ಮಲಗಿ ನೋಡ್ತೀನಿ."

ಬೆಳಿಗ್ಗೆ ಹೋದೆವು. ನೆಲ ಸಾರಿಸಿದ್ದಳು.
ಕಂಬ ಕಿತ್ತೆವು, ಹುಲ್ಲು ಹೊತ್ತೆವು,
ಆ ಸಗಣಿಯ ಚೌಕ ಮಾತ್ರ
ಮಳೆ ಬರುವ ತನಕ ಅಲ್ಲೇ ಇತ್ತು.

ಮಂಜೂರಾತಿಯ ಸುದ್ದಿಯಿಲ್ಲ.
ಮೂವರು ಪಿಡಿಒ ಬಂದು ವರ್ಗವಾಗಿ ಹೋದರು.
ಕಂಪ್ಯೂಟರು ಮಾತ್ರ ಏನನ್ನೂ ಮರೆಯುವುದಿಲ್ಲ.
ಏಪ್ರಿಲ್ಲಿನ ಬೇಡಿಕೆ ಪಟ್ಟಿಯಲ್ಲಿ ನೂರ ಹದಿನೇಳನೇ ಸಾಲು:
ಸಣ್ಣಪಾಲಕ್ಕ, ಕೋಂ ಲೇಟ್ ಸೂರಯ್ಯ,
ಕಚ್ಚಾ ಮನೆ, ಕಂದಾಯ ತೊಂಬತ್ತಾರು ರೂಪಾಯಿ.

ತಿಂಗಳು ಪೂರಾ ಬಸ್‌ಸ್ಟ್ಯಾಂಡಿನ ದಾರಿ ಬಿಟ್ಟು ಓಡಾಡಿದೆ.
ಯಾರೋ ಹೇಳಿದ್ದಾರೆ. ತಾನೇ ಬಂದಳು ಆಫೀಸಿಗೆ.
ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದಳು
ಹತ್ತರ ಎಂಟು ನೋಟು, ಮಿಕ್ಕದ್ದು ಚಿಲ್ಲರೆ.
"ಬ್ಯಾಡಕ್ಕ, ತಪ್ಪಾಗೈತೆ, ಹೆಸ್ರು ತೆಗೆಸಿಹಾಕ್ತೀನಿ."
"ತೆಗೀಬ್ಯಾಡ."
ಅಷ್ಟು ಗಟ್ಟಿ ದನಿ ಅವಳದೆಂದು ಗೊತ್ತಿರಲಿಲ್ಲ.
"ಬರಿ. ರಸೀದಿ ಹರ್ಕೊಡು."

ಬರೆದೆ. ಕಾರ್ಬನ್ನು ಸವೆದಿತ್ತು, ಒತ್ತಿ ಬರೆದೆ.
ಓದು ಬಾರದ ಬೆರಳು ಹಾಳೆಯ ಮೇಲೆ ಅಲೆದಾಡಿತು.
"ಮನೆ ಅಂತ ಎಲ್ಲೈತೆ ಇದ್ರಾಗೆ?"
ತೋರಿಸಿದೆ. ಎರಡೇ ಅಕ್ಷರ.
"ಇಷ್ಟೇನಾ," ಅಂದಳು,
ಹೆಬ್ಬೆಟ್ಟಿನಲ್ಲಿ ಅದನ್ನು ಮುಚ್ಚಿ ನೋಡಿ, ತೆಗೆದು ನೋಡಿ,
ಮಡಚಿ ಗಂಟು ಹಾಕಿಕೊಂಡು
ಬಸ್ಸಿಗೆ ಹೊತ್ತಾಯ್ತು, ಸೀರೆ ಬಿಚ್ಚಬೇಕೆಂದು
ಎದ್ದು ಹೋದಳು.